ರಸಮಟ್ಟ

ಈ ದ್ವೀಪದಲ್ಲಿ ಮರ ಬೆಳೆಯುವುದಿಲ್ಲ.
ಬೆಳೆದ ನಾಲ್ಕೇ ನಾಲ್ಕು ಚರ್ಚಿನ ಗೋಡೆಗೆ ಆತು
ಗಾಳಿ ಹೇಳಿದ ಕಡೆಗೆ ಗೂನಾಗಿವೆ.
ವೆಸ್ಟ್ರೇಯವರಿಗೆ ಮರವೆಂದರೆ
ಬಿರುಗಾಳಿಯ ಮಾರನೆಯ ಬೆಳಿಗ್ಗೆ ಕಡಲು ಇಟ್ಟುಹೋದದ್ದು.
ಮೊದಲು ಕಂಡವರು ಅದನ್ನು
ಉಬ್ಬರದ ಗೆರೆಯಿಂದ ಮೇಲಕ್ಕೆಳೆದು
ಒಂದು ಕಲ್ಲು ಹೇರಿದರೆ ಸಾಕು,
ಊರಿಡೀ ಒಪ್ಪುತ್ತದೆ: ಇದು ಇಂಥವರದು.

ನನ್ನ ತೊಲೆಯ ಮೇಲೆ ಕಲ್ಲು ಹೇರಿದ್ದು ನಾನಲ್ಲ, ಎರ್ಲೆಂಡ್.
ಹದಿಮೂರು ವರ್ಷ. ಮ್ಯಾನ್ಸಿಯ ಮಗ.
ನಾನು ಅವನಪ್ಪನನ್ನು ಮದುವೆಯಾದ ಚಳಿಗಾಲ ಅದು.
ಉಪ್ಪಿನ ಡಬ್ಬಿ ಬೇಕಾದರೂ
ಅಪ್ಪನ ಬಾಯಿಂದಲೇ ಕೇಳಿಸುತ್ತಿದ್ದ ಹುಡುಗ
ಒದ್ದೆ ಬೂಟಿನಲ್ಲೇ ಬಾಗಿಲಲ್ಲಿ ನಿಂತು
“ಅಗ್ಗಿಷ್ಟಿಕೆಯ ಮೇಲೆ ಹಲಗೆ ಬೇಕು ಅಂತಿದ್ದರಲ್ಲ” ಎಂದ.
ಯಾರಿಗೆ ಹೇಳಿದನೋ ತಿಳಿಯಲಿಲ್ಲ.
ಬಹುಶಃ ಅಗ್ಗಿಷ್ಟಿಕೆಗೇ.

ಎರಡು ವರ್ಷ ದನದ ಕೊಟ್ಟಿಗೆಯಲ್ಲಿ ಒಣಗಿತು ತೊಲೆ.
ಅವಸರ ಮಾಡಿದರೆ ಸೀಳುತ್ತದೆ, ಅಂದಿದ್ದರು ಎಲ್ಲರೂ.
ಉಪ್ಪು ಬಿಳಿ ಬೂಷ್ಟಿನಂತೆ ಹೊರಗೆ ಬಂತು,
ಉಜ್ಜಿದೆ, ಮತ್ತೆ ಬಂತು.
ಹುಳು ಕೊರೆದ ತೂತುಗಳಲ್ಲಿ ಮರಳು,
ಒಂದರಲ್ಲಿ ಉಗುರಿನಷ್ಟು ಚಿಪ್ಪು.

ಕೀಸುಳಿಯ ಮೊದಲ ಎಳೆತಕ್ಕೆ
ಬೂದು ಸಿಪ್ಪೆ ಸುರುಳಿಯಾಗಿ ಬಿತ್ತು,
ಒಳಗೆ ಕೆಂಪು, ಅಂಟಿನ ವಾಸನೆ.
ನಾವಿಬ್ಬರೂ ಸುಮ್ಮನೆ ನಿಂತು ಮೂಸಿದೆವು.
ಕಾಡು ಹೀಗಿರುತ್ತದೇನೋ.
ಇಬ್ಬರೂ ನೋಡಿದವರಲ್ಲ.

ಗೋಡೆಯ ಕಲ್ಲಿಗೆ ಎರಡು ಕಬ್ಬಿಣದ ಸರಳು ನೆಟ್ಟೆ.
ಬೆಂಕಿಯ ಬಾಯಿಂದ ಮರ ಎಷ್ಟು ಮೇಲಿರಬೇಕು?
ಮ್ಯಾನ್ಸಿ ಒಂದು ಹೇಳಿದ, ಗಾರೆಯವ ಇನ್ನೊಂದು.
ನಾನು ಮೂರು ಸಂಜೆ ದೊಡ್ಡ ಬೆಂಕಿ ಹಾಕಿ
ಅಂಗೈಯನ್ನೇ ಗೋಡೆಗೊತ್ತಿ ಏರಿಸುತ್ತ ಹೋದೆ,
ಸುಡುವುದು ನಿಂತು ಬರೀ ಬೆಚ್ಚಗಾದ ಕಡೆ
ಸೀಮೆಸುಣ್ಣದ ಗೆರೆ.
ಅದರ ಮೇಲೆ ಇನ್ನೊಂದು ಗೇಣು, ಭಯಕ್ಕೆಂದು.

ಸರಳು ಹೋಗಲು ಹಲಗೆಯ ಬೆನ್ನಲ್ಲಿ ಎರಡು ತೂತು ಬೇಕಿತ್ತು.
ಗುರುತು ನನ್ನದು, ಬೈರಿಗೆ ಅವನ ಕೈಯಲ್ಲಿ.
ನಾನು ಚಹಾ ತರಲು ಒಳಗೆ ಹೋದೆ.
ಬರುವಷ್ಟರಲ್ಲಿ ಹುಡುಗ ಇಲ್ಲ.
ಬೈರಿಗೆ ನೆಲದ ಮೇಲೆ,
ತೂತು ಮೂರು.
ಮೂರನೆಯದು ಅಡ್ಡ ಹೋಗಿ
ಹಲಗೆಯ ಕೆಳಮುಖವನ್ನು ಸೀಳಿಕೊಂಡು ಹೊರಗೆ ಬಂದಿತ್ತು.

ಕೂಗಿ ಕರೆಯಲಿಲ್ಲ. ಬಾಯಿಗೆ ಬಂದದ್ದು ಒಳ್ಳೆಯ ಮಾತಾಗಿರಲಿಲ್ಲ.
ಕತ್ತರಿಸಿ ಉಳಿದ ತುಂಡಿನಿಂದ ಒಂದು ಗೂಟ ಕೆತ್ತಿದೆ,
ಎಳೆ ಎಳೆಗೆ ಹೊಂದಿಸಿ, ಅಂಟು ಸವರಿ
ಮರದ ಸುತ್ತಿಗೆಯಿಂದ ಹೊಡೆದೆ.
ಆ ಸದ್ದಿಗೆ ಬಂದ, ಕೊಟ್ಟಿಗೆಯ ಬಾಗಿಲವರೆಗೆ.
“ಇನ್ನೊಂದು ಸಲ ಹೊಡೆಯಬೇಕು” ಅಂದೆ,
ಸುತ್ತಿಗೆ ಅತ್ತ ಚಾಚಿ.
ಹೊಡೆದ. ಬೇಕಾದ್ದಕ್ಕಿಂತ ಜೋರಾಗಿ.

ಉಳಿದ ಚೂರುಗಳನ್ನು ಅಂದು ರಾತ್ರಿ ಬೆಂಕಿಗೆ ಹಾಕಿದೆವು.
ಉಪ್ಪುಂಡ ಮರ ನೀಲಿಯಾಗಿ ಉರಿಯಿತು.

ಈಗ ತೊಂದರೆ ಒಂದೇ:
ನೂರಾರು ವರ್ಷದ ಮನೆ, ನೆಲ ಕಡಲ ಕಡೆಗೆ ಜಾರಿದೆ,
ಮಾಡು ಬೆಟ್ಟದ ಕಡೆಗೆ.
ಎರಡರ ನಡುವೆ ನಮ್ಮದೊಂದೇ ನೆಟ್ಟಗಿನದು,
ಹಾಗಾಗಿ ಅದೊಂದೇ ಸೊಟ್ಟ ಕಾಣುತ್ತದೆ.
ಟೀನಾ ಡ್ರೆವರ್ ಮೊಟ್ಟೆ ಕೊಡಲು ಬಂದವಳು
ಕೋಟು ಬಿಚ್ಚುವ ಮೊದಲೇ ತಲೆ ಓರೆ ಮಾಡಿ
“ಎಡಕ್ಕೆ ವಾಲಿದೆಯಲ್ಲ!” ಎಂದಳು.

ಎರ್ಲೆಂಡ್ ಎದ್ದ. ಮಾತಾಡಲಿಲ್ಲ.
ರಸಮಟ್ಟ ತಂದು ಹಲಗೆಯ ನಡುಮಧ್ಯೆ ಇಟ್ಟ.
ಗುಳ್ಳೆ ಸ್ವಲ್ಪ ಓಡಾಡಿ
ಎರಡು ಗೆರೆಗಳ ನಡುವೆ ಬಂದು ಕೂತಿತು.
“ಇವಳು ಮಾಡಿದ್ದು” ಅಂದ ಟೀನಾಳಿಗೆ,
“ಸರಿಯಾಗೇ ಇದೆ.”

ಗಡಿಯಾರಕ್ಕೆಂದು ಬಿಟ್ಟ ಜಾಗ ಅದು.
ರಸಮಟ್ಟ ಇನ್ನೂ ಅಲ್ಲೇ ಇದೆ, ಧೂಳು ಒರೆಸಿ ಇಡುತ್ತೇನೆ.
ಆ ಗೂಟ ಕಾಣಬೇಕಾದರೆ
ಬೆಂಕಿಯ ಮುಂದೆ ಅಂಗಾತ ಮಲಗಬೇಕು.
ಹುಡುಗ ದಿನಾ ಮಲಗುತ್ತಾನೆ.