ಭಾಗಾಕಾರ

ನಿನ್ನ ತಮ್ಮನ ನಾಲ್ಕನೇ ಕ್ಲಾಸಿನ ಲೆಕ್ಕದ ಪುಸ್ತಕ,
ಹಿಂದೆ ಹನ್ನೊಂದು ಹಾಳೆ ಖಾಲಿ ಉಳಿದಿತ್ತು.
ಅಲ್ಲೇ ಶುರುವಾಯಿತು, ಯುರಿದಿಯಾ, ನಿನ್ನ ಮದುವೆ.

ಮೇಲೆ ಬರೆದೆ: ಹದಿನೆಂಟು ಸಾವಿರ ಪೇಸೊ.
ಕೆಳಗೆ ಬರೆದೆ: ನೂರ ನಲವತ್ತು ಜನ.
ಸಾವಿನ ಮನೆಗೆ ಬಂದವರ ಹಾಗೆ
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.
ಆಮೇಲೆ ನೀನೇ ಭಾಗಿಸಿದೆ:
ತಲೆಗೆ ನೂರ ಇಪ್ಪತ್ತೆಂಟು. ಶೇಷ ಎಂಬತ್ತು.
‘ಎಂಬತ್ತರಲ್ಲಿ ಹನಿಮೂನು’ ಎಂದು ನಕ್ಕೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವವರು
ಇಸ್ತಾಪಲಾಪಾದ ಈ ಗುಡ್ಡ ಹತ್ತಿ ಬರಲಿ,
ಒಂದೇ ಬೀದಿಯಲ್ಲಿ ಎಷ್ಟು ಕಾಲುಗಳಿವೆ ನೋಡಲಿ.

ನಮ್ಮಂಥವರಿಗೆಂದೇ ಹಳಬರು ಬಿಟ್ಟುಹೋದ ಉಪಾಯ ಒಂದಿದೆ:
ಪಾದ್ರಿನೊ.
ಅರ್ಧ ಅಪ್ಪ, ಅರ್ಧ ರಸೀದಿ.
ಕೇಕಿಗೊಬ್ಬರು, ಉಂಗುರಕ್ಕೊಬ್ಬರು,
ಜೋಡಿಯ ಹೆಗಲಿಗೆ ಸುತ್ತುವ ಹಗ್ಗಕ್ಕೊಬ್ಬರು.
ಕೇಳಲು ಹೋಗುವಾಗ ಕೈಯಲ್ಲಿ ಸಿಹಿ ಬ್ರೆಡ್ಡಿನ ಬುಟ್ಟಿ ಇರಬೇಕು.
ಆ ಬ್ರೆಡ್ಡಿನ ದುಡ್ಡನ್ನು ಯಾರ ಅಜ್ಜಿಯೂ
ಲೆಕ್ಕಕ್ಕೆ ಹಿಡಿದದ್ದಿಲ್ಲ.

ಓಬ್ದೂಲಿಯಾ ಚಿಕ್ಕಮ್ಮ ಕೇಕಿಗೆ ಒಪ್ಪಿದಳು. ಮೂರು ಅಂತಸ್ತು,
ನಡುವಿನದು ರಟ್ಟು. ಕ್ರೀಮು ಬಳಿದರೆ ಫೋಟೊಗೇನು ಗೊತ್ತು.
ಸಿಪ್ರಿಯಾನೊ ಮಾವ ಹಂದಿ ಕೊಡುತ್ತೇನೆಂದ,
ವಾರ ಕಳೆದು ಅರ್ಧ ಹಂದಿ ಎಂದ.
ಅರ್ಧ ಹಂದಿ ಇಲ್ಲಿಯವರೆಗೆ ನಡೆದು ಬರುವುದು ಹೇಗೆ
ಎಂದು ಕೇಳಿ ನಿನ್ನ ತಮ್ಮ ಬೈಸಿಕೊಂಡ.
ಕುರ್ಚಿಗಳು ಪುಕ್ಕಟೆ, ಬೆನ್ನಿಗೆ ಬಿಯರ್ ಕಂಪನಿಯ ಹೆಸರು,
ಬದಲಿಗೆ ಇಪ್ಪತ್ತು ಕೇಸು ಕೊಳ್ಳಬೇಕು. ಪುಕ್ಕಟೆ ಅಂದರೆ ಹಾಗೆಯೇ.
ಹಾಲ್ ಬೇಡ. ಬೀದಿ ಮುಚ್ಚಿದರಾಯಿತು,
ಕಂಬದಿಂದ ಕಂಬಕ್ಕೆ ನೀಲಿ ಟಾರ್ಪಾಲು.
ನೀರಿನ ಟ್ಯಾಂಕರ್ ಬರುವುದು ಮಂಗಳವಾರ, ಮದುವೆ ಶನಿವಾರ;
ಎದುರು ಸಾಲಿನ ಆರು ಮನೆಯವರು
ತಲಾ ಒಂದು ಡ್ರಮ್ಮು ಉಳಿಸಿಡುತ್ತೇವೆ ಎಂದಿದ್ದಾರೆ.
ಅಂದರೆ ನಿನಗಾಗಿ ಅವರ ಮಕ್ಕಳು
ನಾಲ್ಕು ದಿನ ಮೀಯುವುದಿಲ್ಲ. ಅದನ್ನು ಯಾವ ಕಾಲಮ್ಮಿಗೆ ಬರೆಯಲಿ?

ಎವೆರಾರ್ದೊನ ಅಮ್ಮನಿಗೆ ವಾದ್ಯದವರು ಬೇಕೇ ಬೇಕಂತೆ.
ಒಂದು ಗಂಟೆ, ಎಂದೆ. ಆಮೇಲೆ ಸ್ಪೀಕರು.
ಅವಳು ಮುಖ ತಿರುಗಿಸಿದಳು. ತಿರುಗಿಸಲಿ, ಅದಕ್ಕೆ ಖರ್ಚಿಲ್ಲ.

ಇನ್ನು ಉಡುಪು.
ಲಾಂಡ್ರಿಯ ಕೊನೆಯ ಕಂಬಿಯಲ್ಲಿ ಮೂರು ವರ್ಷದಿಂದ
ಯಾರೂ ವಾಪಸು ಒಯ್ಯದೆ ತೂಗುತ್ತಿತ್ತು, ಚೀಟಿ ನಂಬರ್ ನಾನೂರ ಹದಿನೇಳು.
ಸಂಬಳದಲ್ಲಿ ವಾರಕ್ಕೆ ಇನ್ನೂರು ಹಿಡಿದುಕೋ ಎಂದೆ ಯಜಮಾನನಿಗೆ.
ಯಾರದ್ದಮ್ಮಾ ಇದು, ಎಂದು ಕೇಳಬೇಡ.
ಮದುವೆಯಾಗದವಳದ್ದೋ, ಆಗಿ ಸಾಕಾದವಳದ್ದೋ.
ಸೋಡಾ ಹಾಕಿ ಮೂರು ಸಲ ಒಗೆದಿದ್ದೇನೆ.
ಬಟ್ಟೆಗೆ ನೆನಪಿರುವುದಿಲ್ಲ ಮಗಳೇ,
ಮೂವತ್ತು ವರ್ಷ ಒಗೆದವಳು ಹೇಳುತ್ತಿದ್ದೇನೆ.
ಸೊಂಟದ ಹತ್ತಿರ ಎರಡು ಹೊಲಿಗೆ ಬಿಡಿಸಬೇಕು, ಅಷ್ಟೇ.

ನಿನ್ನೆ ರಾತ್ರಿ ನೀನು ಮಲಗಿದ ಮೇಲೆ ಬಾಗಿಲು ಬಡಿದ ಸದ್ದು.
ಗುಜರಿ ಗಾಡಿಯ ದೋನ್ ತ್ರಾಂಕಿಲಿನೊ,
ಟೋಪಿ ಕೈಯಲ್ಲಿ, ಟೋಪಿಯೊಳಗೆ ಎರಡು ಬ್ರೆಡ್ಡು.
ಕೇಳಬೇಕಾದವರು ನಾವು; ಬ್ರೆಡ್ಡು ತಂದವನು ಅವನು.
‘ದುಡ್ಡಿಲ್ಲ ತಾಯಿ. ಆದರೆ ಭಾನುವಾರ ಬೆಳಿಗ್ಗೆ
ಬೀದಿ ಗುಡಿಸುವವರು ಯಾರು, ಬರೆದಿದ್ದೀಯಾ?’
ಬರೆದಿರಲಿಲ್ಲ.
ಸಂತೋಷದ ಮರುದಿನವನ್ನು ಯಾರು ಬರೆಯುತ್ತಾರೆ?
‘ಹಾಗಾದರೆ ಅದಕ್ಕೆ ನಾನೇ ಪಾದ್ರಿನೊ.’
ಪೊರಕೆ, ಎಂದು ಬರೆದು ಅವನ ಹೆಸರು ಬರೆದೆ.
ಓದಲು ಬಾರದು ಅವನಿಗೆ. ಯಾವ ಸಾಲು, ಎಂದು ಕೇಳಿ
ಮೇಲಿನಿಂದ ಎಣಿಸಿಕೊಂಡ. ಇಪ್ಪತ್ಮೂರನೆಯದು.
ಬೆರಳಿಟ್ಟು ನೋಡಿದ. ಶಾಯಿ ಹಸಿಯಿತ್ತು,
ಹೆಸರಿನ ಬಾಲ ಸ್ವಲ್ಪ ಕದಡಿಹೋಗಿದೆ, ನೀನು ತಿದ್ದಬೇಡ.

ಉಂಗುರದ ಸಾಲು ಇನ್ನೂ ಖಾಲಿ.
ನಾಳೆ ಕೆಲಸದಿಂದ ಬರುವಾಗ
ಬ್ರೆಡ್ಡು ಕೊಳ್ಳಬೇಕು.