ಟೊಲೆಡೊ ದಾರಿಯಲ್ಲೇ ಬೀಳುತ್ತದೆ

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿದ್ದೇನೆ.
ಮೂಲೆಗಳಿಗೆ ಭಾರ: ಕಾಫಿ ಮಗ್ಗು, ನನ್ನ ಕೈಗವಸು,
ಐಲಿಯ ರಾಳದ ಬಿಲ್ಲೆ.
ಉಪ್ಪಿನ ಡಬ್ಬಿ ಮಾತ್ರ ಮೂಲೆ ಬಿಟ್ಟು ಕೊಂಚ ಒಳಗೆ.

ಫೋನೇ ದಾರಿ ಹೇಳುತ್ತದಲ್ಲಪ್ಪ, ಎನ್ನುತ್ತಾಳೆ ಮಗಳು.
ಹೇಳುತ್ತದೆ. ಆದರೆ ಇಪ್ಪತ್ತೆರಡು ಚಳಿಗಾಲ
ಡುಲೂತಿನ ರಸ್ತೆಗಳ ಹಿಮ ಗೋರಿದವನು ನಾನು;
ದಾರಿಯೆಂದರೆ ಯಾರೋ ನಸುಕಿಗೆ ಮೊದಲೇ ಎದ್ದು
ಮಾಡಿಟ್ಟದ್ದು ಎಂದು ಫೋನಿಗೆ ಗೊತ್ತಿಲ್ಲ.

ಶುಕ್ರವಾರ ಷಿಕಾಗೊ, ಮಧ್ಯಾಹ್ನ ಮೂರು ನಲವತ್ತು.
ಶನಿವಾರ ಕ್ಲೀವ್‌ಲ್ಯಾಂಡ್, ಬೆಳಿಗ್ಗೆ ಹತ್ತು.
ಸೋಮವಾರ ರಾಚೆಸ್ಟರ್, ಒಂಬತ್ತೂಕಾಲು.
ಒಂದೊಂದು ಕಡೆ ಹನ್ನೆರಡು ನಿಮಿಷ.
ಮೂವತ್ತಾರು ನಿಮಿಷದ ನಾದಕ್ಕೆ ಹೋಗಿಬರಲು
ಎರಡು ಸಾವಿರದ ನೂರಾ ನಲವತ್ತು ಮೈಲಿ.
ಲೆಕ್ಕ ಹಾಕಬೇಡ ಅಂತಾಳೆ.
ಹಾಕಿಯಾಯಿತು.

ವಿಮಾನದ ಮಾತೇ ಇಲ್ಲ.
ಡಬಲ್ ಬಾಸ್ ಎಂಬುದು ವಾದ್ಯವಲ್ಲ, ಮನೆಗೆ ಬಂದ ಬೀಗ:
ಬೆಚ್ಚಗಿರಬೇಕು, ಸೆಕೆಯಾಗಬಾರದು;
ಗಾಳಿ ಒಣಗಬಾರದು, ತೇವ ಹೆಚ್ಚಬಾರದು;
ಹೊಟ್ಟೆಯೊಳಗೆ ಸದಾ ಒಂದು ಒದ್ದೆ ಸ್ಪಂಜು ತೂಗುತ್ತಿರಬೇಕು.
ಮುಂದಿನ ಸೀಟು ಮಲಗಿಸಿ, ಎರಡು ರಜಾಯಿ ಹೊದಿಸಿದರೆ
ಅದರ ಸುರುಳಿ ತಲೆ ಸರಿಯಾಗಿ ನನ್ನ ಬಲಭುಜದ ಹತ್ತಿರ,
ಏನೋ ಗುಟ್ಟು ಹೇಳುವ ಹಾಗೆ.
ಐಲಿ ಹಿಂದೆ, ಸ್ಟೂಲು, ಶೂಸಿನ ಡಬ್ಬ, ಸೂಪಿನ ಫ್ಲಾಸ್ಕಿನ ನಡುವೆ,
ಮಡಿಚಿಟ್ಟ ಕೊಡೆ.

ತೊಡಕು ಶುಕ್ರವಾರದ ರಾತ್ರಿಯದು.
ನಾಲ್ಕೂವರೆಗೆ ಷಿಕಾಗೊ ಬಿಟ್ಟರೆ (ಆ ಟ್ರಾಫಿಕ್ಕು ಬಿಟ್ಟರೆ)
ಇಂಡಿಯಾನಾದಲ್ಲೆಲ್ಲೋ ಗಡಿಯಾರ ಒಂದು ಗಂಟೆ ನುಂಗುತ್ತದೆ,
ಬರುವಾಗ ವಾಪಸು ಕೊಡುತ್ತದೆ, ಬಡ್ಡಿಯಿಲ್ಲದೆ.
ಆ ರಾತ್ರಿ ಎಲ್ಲಿ ತಲೆಯಿಡುವುದು?

ಸೌತ್ ಬೆಂಡ್: ಬೇಗ ಸಿಗುತ್ತದೆ, ಆದರೆ ನಾಲ್ಕಕ್ಕೇ ಏಳಬೇಕು.
ಸ್ಯಾಂಡಸ್ಕಿ: ತೀರ ಮುಂದೆ, ಅವಳ ಬೆರಳು ಸೆಟೆದಾವು.
ಫ್ರೀಮಾಂಟಿನ ಮೋಟೆಲು: ಖಾಲಿಯಿರುವುದು ಮಹಡಿಯ ಮೇಲೆ,
ಬಾಸಿಗೆ ಮೆಟ್ಟಿಲಾಗದು, ನನ್ನ ಮಂಡಿಗೂ.
ಎತ್ತು ಏರಿಗೆ, ಕೋಣ ನೀರಿಗೆ,
ಪೆನ್ಸಿಲು ಎತ್ತ ಎಳೆದರೂ
ಗೆರೆ ಹೋಗಿ ತಾಕುವುದು ಉಪ್ಪಿನ ಡಬ್ಬಿಗೆ.

ಅದರ ಕೆಳಗೆ ಟೊಲೆಡೊ.
ಟೊಲೆಡೊದಲ್ಲಿ ಡೋರೀನ್.
ಅವಳ ಮನೆಗೆ ಅಗಲ ಬಾಗಿಲು, ಕೆಳಗೇ ಒಂದು ಖಾಲಿ ಕೋಣೆ,
ಗ್ಯಾರೇಜಿಗೂ ಹೀಟರು, ಜೊತೆಗೊಬ್ಬ ಗಂಡ.
ಕರ್ಟಿಸ್, ಕಣ್ಣಿನ ಡಾಕ್ಟರು. ಕೆಟ್ಟವನಲ್ಲ,
ಅದೇ ಕಷ್ಟ.
ಆರು ಬೇಸಿಗೆ ಐಲಿಯನ್ನು ಬಸ್ಸು ಹತ್ತಿಸಿದವನು ನಾನು,
ಇಳಿಸಿಕೊಂಡವಳು ಅವಳು;
ನಡುವಿನ ಮೂರು ರಾಜ್ಯಗಳು ನಮ್ಮಿಬ್ಬರ ಸಂಧಾನ.
ಈಗ ಆ ಸೋಫಾದ ಮೇಲೆ ನಾನು ಮಲಗಿ,
ಬೆಳಿಗ್ಗೆ ಅವರ ಮಗ್ಗಿನಲ್ಲಿ ಕುಡಿದು
ಕಾಫಿ ಚೆನ್ನಾಗಿದೆ ಅನ್ನಬೇಕು.

ಮಗಳು ಏನೂ ಹೇಳಿಲ್ಲ.
ಪಕ್ಕದ ಕೋಣೆಯಲ್ಲಿ ಸಂಜೆಯಿಂದ ಅವವೇ ಎಂಟು ಸಾಲು:
ಕೆಳಗಿನ ತಂತಿಯಿಂದ ಏರಿ, ತುದಿಯ ಹತ್ತಿರ ಜಾರಿ,
ಮತ್ತೆ ಮೊದಲಿಂದ.
ಕಿವಿಗಿಂತ ಮೊದಲು ಕಾಲಿಗೆ ಕೇಳುತ್ತದೆ, ನೆಲದ ಹಲಗೆಯಿಂದ;
ಮಗ್ಗಿನೊಳಗಿನ ಚಮಚ ನಡುಗುತ್ತದೆ.
ಈಗ ನಿಂತಿತು.
ನನ್ನ ಪೆನ್ಸಿಲ್ಲಿನ ಸದ್ದಿಗೆ ಕಿವಿಗೊಟ್ಟಿದ್ದಾಳೆ.

ಗೋರುವ ಕೆಲಸದಲ್ಲಿ ಮೊದಲ ವಾರವೇ ಕಲಿಸುತ್ತಾರೆ:
ಅಲಗು ಎತ್ತಿ ಹಿಡಿದರೆ ಹಿಮ ಹಾಗೇ ಉಳಿಯುತ್ತದೆ,
ತೀರ ತಗ್ಗಿಸಿದರೆ ರಸ್ತೆಯೇ ಕಿತ್ತು ಬರುತ್ತದೆ.
ಡೋರೀನಳಿಗೆ ಫೋನು ಮಾಡುವ ದನಿಯ ಎತ್ತರ
ಯಾರೂ ಕಲಿಸಲಿಲ್ಲ.

ಡಬ್ಬಿ ಎತ್ತಿದೆ.
ಕೆಳಗೆ ದುಂಡನೆಯ ಗುರುತು, ನಾಲ್ಕಾರು ಹರಳು.

ಹಲೋ ಆದ ಮೇಲೆ ಅವಳ ಮೊದಲ ಮಾತು:
ಎಷ್ಟು ಗಂಟೆಗೆ ಬರುತ್ತೀರಿ?
ತಾರೀಕನ್ನೂ ಕೇಳಲಿಲ್ಲ.
ಹತ್ತಕ್ಕೆ, ಎಂದೆ.
ನಿನ್ನ ಗಡಿಯಾರದ ಹತ್ತು.