ಸೌಂಡ್ ಇಲ್ಲ

ಗಾಂಧಿ ಬಜಾರಿನ ಹಿಂದಿನ ಓಣಿ.
ಪಾತ್ರೆಯಂಗಡಿಗೂ ಬಳೆಯಂಗಡಿಗೂ ನಡುವೆ
ಮಂಡಿ ಮಡಚಿ ಕೂತಂತಿದೆ ಇನಾಯತ್ತನ ಅಂಗಡಿ.
ಸತ್ತ ರೇಡಿಯೋ, ಅರೆಜೀವದ ಮಿಕ್ಸಿ,
ಎದೆ ಸೀಳಿಸಿಕೊಂಡು ಮಲಗಿದ ಒಂದು ಟೀವಿ.

ಚೀಲದಿಂದ ಬಿಸ್ಕತ್ತಿನ ಡಬ್ಬ ತೆಗೆದೆ.
ಡಬ್ಬದೊಳಗೆ ಅಕ್ಕಿ, ಅಕ್ಕಿಯೊಳಗೆ ಹನ್ನೊಂದು ಟೇಪು,
ಇಪ್ಪತ್ತೇಳು ವರ್ಷ ನಮ್ಮೂರ ಥಂಡಿಗೆ
ಬೂಷ್ಟು ಹಿಡಿಯದಂತೆ ಹೂತಿಟ್ಟದ್ದು.
ವರ್ಷಕ್ಕೊಮ್ಮೆ ಅಕ್ಕಿ ಬದಲಿಸುತ್ತೇನೆ.
ಹಳೆಯದನ್ನು ದೋಸೆಗೆ ನೆನೆಹಾಕುತ್ತೇನೆ.

ಒಂದನ್ನೆತ್ತಿ ಬೆಳಕಿಗೆ ಹಿಡಿದ, ಊದಿದ, ಮೂಸಿದ,
ಮೂರು ಕ್ಯಾಮೆರಾ ತಂದು ಮುಂದಿಟ್ಟ.

ಎರಡೂವರೆ ಸಾವಿರದ್ದು ಅಂಗೈಯಗಲ, ನೋಡಲು ಚೆಂದ.
ಬಾಯಿ ಮಾತ್ರ ಸಣ್ಣದು;
ನನ್ನ ಟೇಪು ಹೊಸಿಲಲ್ಲೇ ನಿಂತಿತು.
ನಾಲ್ಕು ಸಾವಿರದ್ದು ಟೇಪು ನುಂಗಿತು, ತಿರುಗಿಸಿತು,
ಬರೀ ನೀಲಿ ತೋರಿಸಿತು.
ಅದಕ್ಕೆ ಹೊಸ ಬರವಣಿಗೆಯಷ್ಟೇ ಗೊತ್ತು,
ಕಾನ್ವೆಂಟಿನ ಹುಡುಗನ ಕೈಗೆ
ಶ್ಯಾನುಭೋಗರ ಮೋಡಿ ಕಾಗದ ಕೊಟ್ಟ ಹಾಗೆ.
ಮೂರನೆಯದು ಅದರ ಅಣ್ಣನೋ ತಮ್ಮನೋ,
ಅದೇ ಮೈ, ಅದೇ ಬೂದು ಬಣ್ಣ,
ಹೊಟ್ಟೆಯಡಿಯ ನಂಬರಿನಲ್ಲಿ ಒಂದೇ ಒಂದು ಅಂಕಿ ಬೇರೆ.
ಆ ಒಂದು ಅಂಕಿಗೆ ಹಳೆಯದೂ ಓದಲು ಬರುತ್ತದೆ.

ಬೆಲೆ?

ಬೆನ್ನು ತಿರುಗಿಸಿಕೊಂಡು ಹೇಳಿದ.
ಭುಜ ತಟ್ಟಿದೆ. ತಿರುಗಿ ಹೇಳಿದ.
ದಟ್ಟ ಮೀಸೆ; ಅದರ ಕೆಳಗೆ
ಪ, ಬ, ಮ ಮೂರೂ ಒಂದೇ ಮುಖದ ಮಕ್ಕಳು.
ಬಳೆ ಅಂದನೋ, ಮಳೆ ಅಂದನೋ.
ಕಿವಿ ತೋರಿಸಿ ಕೈಯಾಡಿಸಿದೆ.
ಎಲ್ಲರ ಮುಖದ ಹಾಗೆ ಅವನದೂ
ಒಂದು ಗಳಿಗೆ ಕುಗ್ಗಿತು.
ಆಮೇಲೆ ಬಿಲ್ ಪುಸ್ತಕದ ಬೆನ್ನಿಗೆ ಬರೆದ:
ಒಂಬತ್ತು ಸಾವಿರದ ಮಾಲು. ಆರಕ್ಕೆ ಕೊಡ್ತೀನಿ.
ಸೌಂಡ್ ಇಲ್ಲ.
ಕೆಳಗೆ ಎರಡು ಗೀಟು.

ನಕ್ಕೆ. ಜೋರಾಗಿಯೇ ನಕ್ಕಿರಬೇಕು;
ಪಾತ್ರೆಯಂಗಡಿಯವ ಇಣುಕಿದ.
ಪೆನ್ನು ಕಿತ್ತುಕೊಂಡು ಬರೆದೆ:
ಸೌಂಡೇ ಇಲ್ಲದ ಮೇಲೆ ಆರು ಯಾಕೆ? ಐದು.

ಟೇಪು ಹಾಕಿದ.
ಎಳ್ಳು ಸಿಡಿದಂತೆ ಚುಕ್ಕೆ, ಚುಕ್ಕೆ,
ನಡುವಿಂದ ಹಾಸ್ಟೆಲಿನ ಪಡಸಾಲೆ.
ಮೂಲೆಯಲ್ಲಿ ಸಿಸ್ಟರ್ ಬೆನಡಿಕ್ಟಾ ಹೆಬ್ಬೆರಳು,
ಎಂದಿನಂತೆ ಲೆನ್ಸಿಗೆ ಅಡ್ಡ.
ಹಾಲಮ್ಮ. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್.
ಪರದೆಯ ಕೆಳಗಿನ ಕಾಲು ಭಾಗ ಹರಿದು
ಬೆರಳು ಮಣಿಕಟ್ಟಿನಿಂದ ಕಳಚುತ್ತವೆ, ಕೂಡುತ್ತವೆ,
ಆದರೂ ನಿಲ್ಲಿಸುವವಳೇ ಅಲ್ಲ.
ಭದ್ರಾವತಿಗೆ ನೆಟ್ಟಗಿನ ಮುಂಗೈ, ತುದಿಯಲ್ಲಿ ಹೊಗೆಯಾಗುವ ಬೆರಳು.
ಭಾನುವಾರಕ್ಕೆ ನೆತ್ತಿಗೆ ಎಣ್ಣೆ ತಟ್ಟುವುದು.
ತುಂಗೆಗೆ ನಾಲಿಗೆಗೆ ಮುಟ್ಟಿಸಿದ ಬೆರಳು, ಆಮೇಲೆ ಹರಿವು.

ಯಾರೂ ಕಲಿಸಿದ್ದಲ್ಲ.
ದೀಪ ಆರಿದ ಮೇಲೆ ಒಂದು ಟಾರ್ಚಿನ ಬೆಳಕಲ್ಲಿ
ಇಪ್ಪತ್ತಾರು ಹುಡುಗಿಯರು ಕಟ್ಟಿಕೊಂಡ ನುಡಿ.
ಈಗಿನ ಮಕ್ಕಳಿಗೆ ಪುಸ್ತಕದ ಸಂಜ್ಞೆ, ದೇಶಕ್ಕೆಲ್ಲ ಒಂದೇ.
ಒಳ್ಳೆಯದೇ, ದಿಲ್ಲಿಗೆ ಹೋದರೂ ನಡೆಯುತ್ತದೆ.
ಹಾಲಮ್ಮ ಮಾತಾಡಿದರೆ ಮಾತ್ರ
ಅವರಿಗೆ ಬರೀ ನೀಲಿ.

ಏನಂತೆ, ಎಂದು ಗದ್ದ ಎತ್ತಿದ ಇನಾಯತ್.
ಬರೆದೆ: ಉಪ್ಪಿಟ್ಟಿನಲ್ಲಿ ಕೂದಲು ಸಿಕ್ಕಿತಂತೆ.
ಸಿಸ್ಟರ್ ಗಡ್ಡದ್ದಂತೆ.
ಅವನ ಹೊಟ್ಟೆ ಕುಣಿಯಿತು.
ಅಷ್ಟರಲ್ಲಿ ಹಾಲಮ್ಮ ನೇರ ಇತ್ತ ನೋಡಿ
ಹಲ್ಲಲ್ಲಿ ದಾರ ಕಡಿದಂತೆ ಮಾಡಿ ಕರೆದಳು.
ಅದು ನನ್ನ ಹೆಸರು.
ರೇಷನ್ ಕಾರ್ಡಿನಲ್ಲಿ ಇರುವುದು ಬೇರೆ.

ಐದೂವರೆಗೆ ಮುಗಿಯಿತು. ಚಾರ್ಜರು ಬೇರೆ, ಇನ್ನೂರು.
ಬ್ಯಾಟರಿ ಹನ್ನೊಂದು ನಿಮಿಷ ಬಂದರೆ ಹೆಚ್ಚು,
ಪ್ಲಗ್ಗಿಗೆ ಹಾಕಿಕೊಂಡೇ ನೋಡಿ, ಎಂದು ಬರೆದುಕೊಟ್ಟ.

ಮೆಟ್ಟಿಲಿಳಿಯುವಾಗ ತಿರುಗಿದೆ.
ಅವನು ಬೆರಳನ್ನು ನಾಲಿಗೆಗೆ ಮುಟ್ಟಿಸಿ
ಹೊಳೆಯನ್ನು ತೀರ್ಥಹಳ್ಳಿಯ ಕಡೆ ಹರಿಸುತ್ತಿದ್ದ.
ಚೀಲ ಕೆಳಗಿಟ್ಟೆ.
ಹಾಗಲ್ಲ, ಎಂದು
ಹೊಳೆಹೊನ್ನೂರಿನ ಕಡೆಗೆ ತಿರುಗಿಸಿ ತೋರಿಸಿದೆ.